ಬೆರಳಿಗೆ ಬೆಲೆಯುಂಟು, ಆರೈಕೆಯಿಲ್ಲ

ಆಗಸ್ಟ್ 1ಕ್ಕೆ ಮೀನುಗಾರಿಕೆಯ ನಿಷೇಧವು ಮುಗಿದು ಬೇಲೆಕೇರಿಯ ಬೋಟುಗಳು ಕಡಲಿಗಿಳಿದವೆಂದರೆ, ವಿಂಚಿಗೂ ಹಗ್ಗಕ್ಕೂ ನಡುವೆ ಖಲಾಸಿಯೊಬ್ಬನ ಕೈ ಸಿಕ್ಕಿತೆಂಬ ವಾರ್ತೆಯು ನಮ್ಮ ಕರಾವಳಿಯ ಒಂದಿಲ್ಲೊಂದು ಬಂದರದಿಂದ ಬರುವುದು ಅಪರೂಪವೇನಲ್ಲ. ಅಂಥವನನ್ನು ಕಾರವಾರಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವೆಗೋ ಒಯ್ಯುತ್ತಾರೆ. ಅಲ್ಲಿಯ ವೈದ್ಯರು ಕೈಯನ್ನು ಹೊಲಿಯುತ್ತಾರೆ. ಕೆಲವು ದಿನಗಳಲ್ಲಿ ಅವನು ಒಂದು ಇಂಗ್ಲಿಷ್ ಚೀಟಿಯೊಡನೆ ಮರಳಿ ಬರುತ್ತಾನೆ. ಆ ಬಳಿಕ ಅವನ ಗತಿಯೇನೆಂದು ಕೇಳುವವರಾರು? ಈ ಪ್ರಶ್ನೆಯ ಕಡೆಗೆ ನಾವು ಸರಕಾರದ ಹಾಗೂ ಬೋಟಿನ ಒಡೆಯರ ಲಕ್ಷ್ಯವನ್ನು ಸೆಳೆಯಬಯಸುತ್ತೇವೆ.

ಬೆರಳನ್ನು ಮಡಿಸುವ ಹುರಿಯು ಕಡಿದಾಗ ಅದನ್ನು ಹೊಲಿಯುವುದು ಚಿಕಿತ್ಸೆಯ ಅರ್ಧಭಾಗ ಮಾತ್ರವೇ. ಮೊದಲ ಕೆಲವು ವಾರಗಳಲ್ಲಿ ಬಿಗಿಯಾಗಿ ಹಿಡಿದರೆ ಹೊಲಿಗೆ ಕಿತ್ತುಹೋಗುತ್ತದೆ. ಅಲ್ಲಾಡಿಸದೆ ಇಟ್ಟರೆ ಹುರಿಯು ಸುತ್ತಲಿನ ಮಾಂಸಕ್ಕೆ ಅಂಟಿ ಬೆರಳು ಮರಗಟ್ಟುತ್ತದೆ. ಎಂದಿಗೆ ಎಷ್ಟು ಮಡಿಸಬೇಕೆಂಬುದನ್ನು ಬಲ್ಲವರು ವಾರವಾರವೂ ನೋಡಿ ಹೇಳಬೇಕು. ಒಡಿಶಾದಿಂದಲೋ ಝಾರ್ಖಂಡದಿಂದಲೋ ಬಂದು, ಕನ್ನಡವನ್ನೂ ಅರಿಯದೆ ಬೋಟಿನಲ್ಲಿಯೇ ಮಲಗುವ ಆಳಿಗೆ ಇದನ್ನು ಹೇಳುವವರು ಯಾರು? ಅವನು ಗಾಯಕ್ಕೆ ಬಟ್ಟೆ ಸುತ್ತಿಕೊಂಡು ಮೂರನೆಯ ವಾರದಲ್ಲಿ ಬಲೆಗೆ ಕೈ ಹಾಕುತ್ತಾನೆ; ಇಲ್ಲವೆ ಊರಿನ ರೈಲು ಹತ್ತುತ್ತಾನೆ.

ಕಾಯದೆಯಿಲ್ಲವೆಂದು ನಾವು ಹೇಳುವುದಿಲ್ಲ. 1923ರಲ್ಲಿ ಪರಕೀಯ ಸರಕಾರವೇ ಮಾಡಿದ ಪರಿಹಾರದ ಕಾಯದೆಯು ಅಂಗಾಂಗಗಳ ದರಪಟ್ಟಿಯನ್ನು ಕಟ್ಟಿಕೊಟ್ಟಿತು; ಆ ಪಟ್ಟಿಯ ಈಗಿನ ರೂಪದಂತೆ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇಕಡಾ 14. 2009ರ ತಿದ್ದುಪಡಿಯು ಚಿಕಿತ್ಸೆಯ ನಿಜವಾದ ವೆಚ್ಚವನ್ನೂ ಒಡೆಯನ ಮೇಲೆ ಹೊರಿಸಿತು. 2025ರ ನವೆಂಬರ್ 21ರಿಂದ ಇದೆಲ್ಲವೂ ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿದೆ. ಮೀನುಗಾರರಿಗಾಗಿ ಮತ್ಸ್ಯಸಂಪದ ಯೋಜನೆಯ ಅಪಘಾತವಿಮೆಯು ಬೇರೆ ಇದೆ: ಮರಣಕ್ಕೆ 5 ಲಕ್ಷ ರೂಪಾಯಿ, ಶಾಶ್ವತವಾದ ಭಾಗಶಃ ಊನಕ್ಕೆ 2½ ಲಕ್ಷ, ಆಸ್ಪತ್ರೆಯ ವೆಚ್ಚಕ್ಕೆ 25 ಸಾವಿರ. ಆದರೆ ಬೆರಳು ಹೋದ ಮೇಲೆ ಹಣ ಕೊಡುವ ಈ ವ್ಯವಸ್ಥೆಗಳು, ಬೆರಳು ಹೋಗದಂತೆ ನೋಡಿಕೊಳ್ಳುವ ಒಬ್ಬ ಮನುಷ್ಯನನ್ನು ಬೇಲೆಕೇರಿಯ ಬಂದರಕ್ಕೆ ಕೊಟ್ಟಿಲ್ಲ. ಸಾಲದುದಕ್ಕೆ, ಖಲಾಸಿಗೆ ಸಿಗುವುದು ಸಂಬಳವಲ್ಲ, ಪಾಲು. ಅವನು ಆಳೋ ಪಾಲುಗಾರನೋ ಎಂಬ ಜಗಳವು ಬಗೆಹರಿಯುವುದರೊಳಗೆ ಗಾಯವು ತನಗೆ ತೋಚಿದ ಹಾಗೆ ಮಾಯ್ದಿರುತ್ತದೆ.

ಅಮೆರಿಕೆಯಲ್ಲಿ ಈ ಕೊರತೆಯನ್ನು ತುಂಬಲು ದಾದಿಯರನ್ನು ನಿಯಮಿಸುವ ಪದ್ಧತಿಯುಂಟು. ನರ್ಸ್ ಕೇಸ್ ಮ್ಯಾನೇಜರ್ ಎಂದು ಅವರ ಹೆಸರು. ಗಾಯಾಳುವನ್ನು ಆದಷ್ಟು ಬೇಗ ಕಂಡು ಮಾತಾಡಿಸುವುದು, ವೈದ್ಯರ ಅಪ್ಪಣೆಯನ್ನು ತಿಳಿಯುವ ಮಾತಿನಲ್ಲಿ ಹೇಳುವುದು, ಮರುತಪಾಸಣೆಯ ದಿನವು ತಪ್ಪದಂತೆ ನೋಡುವುದು, ಗಾಯವು ಕೀವುಗಟ್ಟಿದರೆ ಕೂಡಲೇ ವೈದ್ಯರಿಗೆ ತಿಳಿಸುವುದು, ಪೂರ್ಣ ಗುಣವಾಗುವ ತನಕ ಯಾವ ಹಗುರ ಕೆಲಸ ಮಾಡಬಹುದೆಂದು ಒಡೆಯನೊಡನೆ ಗೊತ್ತುಮಾಡುವುದು: ಇವೇ ಅವರ ಕೆಲಸಗಳು. ಅಲ್ಲಿಯ ದೋಷವನ್ನೂ ಹೇಳಲೇಬೇಕು. ಬಹುಮಟ್ಟಿಗೆ ಅಂಥ ದಾದಿಗೆ ಸಂಬಳ ಕೊಡುವುದು ವಿಮೆಯ ಕಂಪನಿ. ಆದುದರಿಂದ ಆಕೆಯು ತನ್ನ ಕಡೆಯವಳೋ ಕಂಪನಿಯ ಕಡೆಯವಳೋ ಎಂಬ ಸಂಶಯವು ಕೂಲಿಕಾರನನ್ನು ಕಾಡುತ್ತದೆ. ತಪಾಸಣೆಯ ಕೋಣೆಯಿಂದ ಆಕೆಯನ್ನು ಹೊರಗಿಡಿರೆಂದು ಕೇಳುವವರೂ ಉಂಟು. ಸೋಗುಗಾರರನ್ನು ಹಿಡಿಯುವುದಕ್ಕೆಂದು ದಾದಿಯನ್ನು ಕಳಿಸುವುದಾದರೆ ಕಳಿಸದಿರುವುದೇ ಲೇಸೆಂದು ನಮ್ಮ ಮತ.

ನಮಗೆ ಮೇಲ್ಪಂಕ್ತಿಯು ಮನೆಯಲ್ಲಿಯೇ ಇದೆ. 2005ರಲ್ಲಿ ಆರಂಭವಾದ ಆಶಾ ಕಾರ್ಯಕರ್ತೆಯರ ಪದ್ಧತಿಯಿಂದ ಬಸುರಿಯಾದ ಹೆಂಗಸಿನ ಹಿಂದೆ ಒಬ್ಬಾಕೆ ಇದ್ದಾಳೆ. ತಾಯಿ ಕಾರ್ಡಿದೆ, ಅದರಲ್ಲಿ ದಿನಾಂಕಗಳಿವೆ. ಕ್ಷಯರೋಗಿಯು ಗುಳಿಗೆ ನುಂಗಿದನೋ ಇಲ್ಲವೋ ಎಂದು ವಿಚಾರಿಸುವವರಿದ್ದಾರೆ. ದುಡಿಯುವಾಗ ಕೈ ಮುರಿದವನಿಗೆ ಮಾತ್ರ ಅಂಥ ಒಂದು ಕಾರ್ಡಿಲ್ಲ. ಬೇಲೆಕೇರಿಯಿಂದ ನಾಪತ್ತೆಯಾದ ಅದಿರಿನ ವಿಚಾರವು 2011ರ ಲೋಕಾಯುಕ್ತ ವರದಿಯಲ್ಲಿ ಟನ್ನುಗಳ ಲೆಕ್ಕದಲ್ಲಿ ಬಂದಿತು. ಅದೇ ಅದಿರಿನ ಲಾರಿ ಹೊಡೆದು, ಧೂಳು ಕುಡಿದು, ಗಾಯಗೊಂಡವರ ಲೆಕ್ಕವನ್ನು ನಾವೆಲ್ಲಿಯೂ ಕಾಣಲಿಲ್ಲ.

ನಮ್ಮ ಜಿಲ್ಹೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ನ್ಯಾಯವಾದುದು. 2022ರ ಜುಲೈಯಲ್ಲಿ ಹೊನ್ನಾವರದ ರೋಗಿಯನ್ನು ಉಡುಪಿಯ ಕಡೆಗೆ ಒಯ್ಯುತ್ತಿದ್ದ ಆಂಬ್ಯುಲೆನ್ಸು ಬೈಂದೂರು ತಾಲೂಕಿನ ಶಿರೂರಿನ ಟೋಲ್ ನಾಕೆಯಲ್ಲಿ ಉರುಳಿ ನಾಲ್ವರು ಮಡಿದುದನ್ನು ಯಾರು ಮರೆತಾರು? ಆದರೆ ಆಸ್ಪತ್ರೆಯ ಕಟ್ಟಡವೇಳಲು ವರ್ಷಗಳು ಬೇಕು. ಒಬ್ಬ ದಾದಿಯನ್ನು ನಿಯಮಿಸಲು ಒಂದು ಆಜ್ಞಾಪತ್ರ ಸಾಕು.

ಅಂಕೋಲೆಯ ತಾಲೂಕು ಆಸ್ಪತ್ರೆಯಲ್ಲಿ ಇದೊಂದೇ ಕೆಲಸಕ್ಕೆಂದು ಅನುಭವಿಯಾದ ಒಬ್ಬ ದಾದಿಯನ್ನು ಸರಕಾರವು ನಿಯಮಿಸಲಿ. ಆಕೆಯ ಸಂಬಳವು ಸರಕಾರದ ಬೊಕ್ಕಸದಿಂದ ಬರಲಿ. ವಿಮೆಯವರಿಂದಾಗಲಿ ಬೋಟಿನ ಒಡೆಯರಿಂದಾಗಲಿ ಬಿಡಿಗಾಸೂ ಬೇಡ. ಒಡೆಯರು ಮಾಡಬೇಕಾದುದು ಇಷ್ಟೇ: ಅಪಘಾತವಾದ ದಿನವೇ ಆಕೆಗೆ ಸುದ್ದಿ ಕೊಡುವುದು, ಮತ್ತು ಆಕೆ ಹೇಳುವ ತನಕ ಆಳನ್ನು ವಿಂಚಿನ ಬಳಿಗೆ ಕಳಿಸದಿರುವುದು. ಹೆದ್ದಾರಿಯ ಕೆಲಸದಲ್ಲಿ ಬಿದ್ದವರೂ ಕಲ್ಲುಗಣಿಯವರೂ ಅವಳ ಪಟ್ಟಿಯಲ್ಲಿ ಸೇರಲಿ. ಇಂಗ್ಲಿಷ್ ಚೀಟಿಯನ್ನು ಓದಿ ಕನ್ನಡ, ಕೊಂಕಣಿ, ಹಿಂದಿಗಳಲ್ಲಿ ತಿಳಿಸಬಲ್ಲವಳು ನಮ್ಮ ಕರಾವಳಿಯಲ್ಲಿ ಸಿಗುವುದು ಕಷ್ಟವಲ್ಲ. ಬರುವ ಆಗಸ್ಟಿಗೆ ಬೋಟುಗಳು ಕಡಲಿಗಿಳಿಯುವ ಮುನ್ನವೇ ಈ ನೇಮಕವಾಗಬೇಕೆಂದು ಜಿಲ್ಹಾಧಿಕಾರಿಗಳನ್ನೂ ಆರೋಗ್ಯ ಖಾತೆಯವರನ್ನೂ ನಾವು ಆಗ್ರಹಪಡಿಸುತ್ತೇವೆ.