ಸ್ಟಿಯರಿಂಗಿನ ನರಳಾಟ

ಮನುಷ್ಯನು ತನ್ನ ನೋವನ್ನು ಬಾಯಿಬಿಟ್ಟು ಹೇಳುತ್ತಾನೆ. ಯಂತ್ರವು ಹೇಳಲಾರದು, ಸದ್ದುಮಾಡುತ್ತದೆ. ಆ ಸದ್ದನ್ನು ಕೇಳಿಯೂ ಕೇಳದವರಂತಿರುವುದು ಗೃಹಸ್ಥರಾದ ನಮ್ಮೆಲ್ಲರ ಸಾಮಾನ್ಯ ದೋಷ. ಈ ತಿಂಗಳು ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ವಾಚಕರ ಮುಂದಿಡುತ್ತೇವೆ. ಅದರಲ್ಲಿ ನಮ್ಮ ಅವಿವೇಕವೂ ಸೇರಿದೆ. ಆದುದರಿಂದಲೇ ಹೇಳುವುದು ಉಚಿತವೆಂದು ತೋರಿತು.

ನಮ್ಮ ಕಾರಿಗೆ ಈಗ 13 ವರ್ಷ. ಕೆಲವು ತಿಂಗಳಿಂದ ಸ್ಟಿಯರಿಂಗನ್ನು ತಿರುಗಿಸಿದಾಗಲೆಲ್ಲ ಎಂಜಿನಿನ ಕಡೆಯಿಂದ ಗುಂಯ್ ಎಂಬ ನರಳಾಟ ಕೇಳಿಬರುತ್ತಿತ್ತು. ನಾವು ಗೇಟಿನೊಳಕ್ಕೆ ಕಾರನ್ನು ತಿರುಗಿಸಿದರೆ ನೆರೆಮನೆಯವರಿಗೂ ನಮ್ಮ ಆಗಮನವು ತಿಳಿಯುತ್ತಿತ್ತು. ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. ಅಲ್ಲಿಯವರು ಬಾನೆಟ್ಟನ್ನೂ ತೆರೆಯದೆ, ಪಂಪು ಹೋಗಿದೆ, ಹೊಸದನ್ನೇ ಹಾಕಬೇಕು ಎಂದರು. ಬೆಲೆಯನ್ನು ಕೇಳಿ ಸುಮ್ಮನೆ ಹಿಂದಿರುಗಿದೆವು.

ಆಮೇಲೆ ಸ್ನೇಹಿತರ ಮಾತಿನಂತೆ ವೃದ್ಧ ಮೇಸ್ತ್ರಿಗಳೊಬ್ಬರ ಬಳಿಗೆ ಹೋದೆವು. ಅವರು ಸ್ಪ್ಯಾನರು ಹಿಡಿಯುವ ಮೊದಲು ಪ್ರಶ್ನೆಗಳನ್ನು ಕೇಳಿದರು. “ಸದ್ದು ಯಾವಾಗ ಬರುತ್ತೆ ಸ್ವಾಮಿ? ನಿಂತಿರೋವಾಗಲೋ, ಓಡೋವಾಗಲೋ? ತಿರುಗಿಸಿದಾಗಲೋ, ಹಳ್ಳಕ್ಕೆ ಇಳಿದಾಗಲೋ?” ಒಳ್ಳೆಯ ವೈದ್ಯನು ನಾಡಿ ನೋಡುವ ಮುನ್ನ ಕೇಳುವ ಪ್ರಶ್ನೆಗಳಂತೆಯೇ ಇವು ನಮಗೆ ತೋರಿದುವು.

ಇಲ್ಲಿ ಯಂತ್ರದ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ಎಣ್ಣೆಯ ಒತ್ತಡದಿಂದ ಸ್ಟಿಯರಿಂಗನ್ನು ಹಗುರಮಾಡುವ ಏರ್ಪಾಡನ್ನು ಅಮೆರಿಕದ ಕ್ರೈಸ್ಲರ್ ಕಂಪೆನಿಯು 1951ರಲ್ಲಿ ತನ್ನ ಇಂಪೀರಿಯಲ್ ಕಾರಿನಲ್ಲಿ ಮಾರಾಟಕ್ಕೆ ತಂದಿತು. ಎಂಜಿನು ಬೆಲ್ಟಿನ ಮೂಲಕ ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತಿ ಕಳುಹಿಸುತ್ತದೆ. ಆ ಒತ್ತಡವು ಚಕ್ರಗಳನ್ನು ಹೊರಳಿಸುವುದರಲ್ಲಿ ನಮ್ಮ ಕೈಗೆ ನೆರವಾಗುತ್ತದೆ. ಈಚಿನ ಅನೇಕ ಕಾರುಗಳಲ್ಲಿ ಈ ಕೆಲಸವನ್ನು ವಿದ್ಯುತ್ ಮೋಟಾರು ಮಾಡುವುದರಿಂದ ಅವುಗಳಲ್ಲಿ ಈ ಎಣ್ಣೆಯೂ ಇಲ್ಲ, ಪಂಪೂ ಇಲ್ಲ. ನಮ್ಮದು ಎಣ್ಣೆಯ ಬಗೆಯದು.

ಮೇಸ್ತ್ರಿಗಳು ಎಣ್ಣೆಯ ಡಬ್ಬಿಯ ಮುಚ್ಚಳವನ್ನು ತೆರೆದರು. ಎಣ್ಣೆಯು ಕೆಳಗಿನ ಗುರುತಿಗಿಂತಲೂ ತಗ್ಗಿನಲ್ಲಿತ್ತು; ಅದರ ಮೇಲೆ ನೊರೆಯೆದ್ದಿತ್ತು. ಎಣ್ಣೆ ಸಾಲದೆ ಪಂಪು ಗಾಳಿಯನ್ನು ಹೀರುತ್ತಿದ್ದುದೇ ಆ ನರಳಾಟದ ಕಾರಣ. ಈ ಎಣ್ಣೆಯು ಉರಿದು ತೀರುವ ಪದಾರ್ಥವಲ್ಲ. ಕಡಿಮೆಯಾಗಿದ್ದರೆ ಎಲ್ಲಿಯೋ ಸೋರಿದೆಯೆಂದೇ ತಿಳಿಯಬೇಕು. ಹುಡುಕಿದಾಗ, ಎಣ್ಣೆಯು ಹಿಂದಿರುಗುವ ರಬ್ಬರು ಕೊಳವೆಯ ಕ್ಲಿಪ್ಪು ಸಡಿಲವಾಗಿದ್ದುದು ಕಂಡಿತು. ಹೊಸ ಕ್ಲಿಪ್ಪನ್ನು ಬಿಗಿದು, ಕಾರಿನ ಕೈಪಿಡಿಯಲ್ಲಿ ಹೇಳಿರುವ ಎಣ್ಣೆಯನ್ನೇ ತುಂಬಿದರು. ಕಂಡ ಎಣ್ಣೆಯನ್ನು ಸುರಿಯಕೂಡದು; ಒಗ್ಗದ ಎಣ್ಣೆಯಿಂದ ಒಳಗಿನ ರಬ್ಬರು ಸೀಲುಗಳು ಕೆಡುತ್ತವೆ. ಬಳಿಕ ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ನಿಲ್ಲಿಸಿ, ಎಂಜಿನನ್ನು ಆರಿಸಿಯೇ ಇಟ್ಟು, ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಹಲವು ಬಾರಿ ತಿರುಗಿಸಿದರು. ಗುಳ್ಳೆಗಳೆದ್ದು ಗಾಳಿ ಹೊರಟುಹೋಯಿತು. ಎಣ್ಣೆ ಇಳಿದಂತೆಲ್ಲ ಮತ್ತೆ ತುಂಬಿದರು. ಎಂಜಿನನ್ನು ಚಾಲೂ ಮಾಡಿದಾಗ ನರಳಾಟವು ನಿಂತಿತ್ತು. ಪಂಪಿನ ಹಣ ಉಳಿಯಿತೆಂದು ನಾವು ಹಿಗ್ಗಿದೆವು.

ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಮನೆಗೆ ಹಿಂದಿರುಗುವಾಗ, ಆ ನಿಶ್ಶಬ್ದದಲ್ಲಿ, ಹಳ್ಳ ಬಂದಾಗಲೊಮ್ಮೆ ಟಕ್ ಎಂಬ ಸಣ್ಣ ಸದ್ದು ಕೇಳಿಸಿತು. ಎಡಗಡೆ ಕುಳಿತಿದ್ದ ನಮ್ಮ ಮನೆಯಾಕೆ ಹೇಳಿದಳು: “ಇದನ್ನೇ ಅಲ್ಲವೇ ನಾನು ಒಂದು ತಿಂಗಳಿಂದ ಹೇಳುತ್ತಿರುವುದು? ನನ್ನ ಕಾಲಡಿಯಲ್ಲಿಯೇ ಬರುತ್ತದೆ.” ಹೌದು, ಹೇಳಿದ್ದಳು. ನಾವು ದೊಡ್ಡ ಸದ್ದಿನ ಚಿಂತೆಯಲ್ಲಿ ಆ ಮಾತನ್ನು ಗಣನೆಗೆ ತಂದಿರಲಿಲ್ಲ.

ಮರುದಿನವೇ ಮತ್ತೆ ಮೇಸ್ತ್ರಿಗಳ ಬಳಿಗೆ ಹೋದೆವು. ಅವರು ಎಡಚಕ್ರವನ್ನು ಎತ್ತಿ ನಿಲ್ಲಿಸಿ, ಗಡಿಯಾರದಲ್ಲಿ 9 ಮತ್ತು 3 ಇರುವ ಸ್ಥಾನಗಳಲ್ಲಿ ಎರಡು ಕೈಗಳಿಂದ ಹಿಡಿದು ಅಲುಗಿಸಿದರು. ಚಕ್ರವು ಕಡಕಡನೆ ಆಡಿತು. ಸ್ಟಿಯರಿಂಗಿನ ಸರಳನ್ನು ಚಕ್ರಕ್ಕೆ ಸೇರಿಸುವ ಗುಂಡುಕೀಲು, ಗ್ಯಾರೇಜಿನವರು ಟೈರಾಡ್ ಎಂಡ್ ಎನ್ನುವುದು, ಸವೆದು ಸಡಿಲವಾಗಿತ್ತು. ಅದರ ರಬ್ಬರು ಟೊಪ್ಪಿಗೆಯು ಹರಿದು ಗ್ರೀಸೆಲ್ಲವೂ ಹೋಗಿತ್ತು. “ಇದು ಕಳಚಿದರೆ ಸ್ಟಿಯರಿಂಗು ನಿಮ್ಮ ಕೈಯಲ್ಲೇ ಇರುತ್ತೆ ಸ್ವಾಮಿ, ಚಕ್ರ ಮಾತ್ರ ನಿಮ್ಮ ಮಾತು ಕೇಳೋದಿಲ್ಲ” ಎಂದರು.

ಮುಂದಿನ ವಾರವೇ ನಾವು ಮಕ್ಕಳೊಡನೆ ಆಗುಂಬೆಯ ಘಾಟಿಯನ್ನಿಳಿದು ಉಡುಪಿಗೆ ಹೋಗತಕ್ಕವರಾಗಿದ್ದೆವು. ಆ ತಿರುವುಗಳನ್ನು ನೆನೆದು ನಮಗೆ ಮಾತೇ ಹೊರಡಲಿಲ್ಲ.

ಹೊಸ ಕೀಲಿಗೆ ತಗಲಿದ ಖರ್ಚು ಪಂಪಿನ ಬೆಲೆಯ ಮುಂದೆ ಅತ್ಯಲ್ಪ. ಕೀಲನ್ನು ಬದಲಾಯಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಲ್ಲವಾದರೆ ಟೈರುಗಳು ಓರೆಯಾಗಿ ಸವೆಯುತ್ತವೆ.

ವಾಚಕರು ನೆನಪಿನಲ್ಲಿಡಬೇಕಾದುದು ಇಷ್ಟು. ತಿರುಗಿಸುವಾಗ ನರಳಿದರೆ ಮೊದಲು ಎಣ್ಣೆಯನ್ನು ನೋಡಬೇಕು. ಬೆಳಗ್ಗೆ ಹೊರಡುವಾಗಲೂ ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿದಾಗಲೂ ಕಿರ್ರೆಂದು ಕಿರುಚಿದರೆ ಬೆಲ್ಟನ್ನು ನೋಡಬೇಕು. ತಿರುವಿನಲ್ಲಿ ವೇಗ ಕೊಟ್ಟಾಗ ಟಕಟಕವೆಂದರೆ ದೋಷವು ಬಹುಶಃ ಆಕ್ಸಲಿನ ಕೀಲಿನಲ್ಲಿರುವುದು. ಹಳ್ಳದಲ್ಲಿ ಟಕ್ಕೆಂದರೆ ತಡಮಾಡದೆ ಚಕ್ರವನ್ನು ಎತ್ತಿಸಿ ಪರೀಕ್ಷಿಸಬೇಕು. ಬರಿಯ ಜಾಕನ್ನು ನಂಬಿ ಕಾರಿನ ಕೆಳಗೆ ಯಾರೂ ನುಸುಳಕೂಡದು. ಭದ್ರವಾದ ಸ್ಟ್ಯಾಂಡು ಇರಲೇಬೇಕು.

ಹೆಚ್ಚಾಗಿ ಕೂಗುವುದೇ ಹೆಚ್ಚಿನ ಅಪಾಯವಲ್ಲ. ನೆರೆಯವರಿಗೆಲ್ಲ ಕೇಳಿಸಿದ ಸದ್ದು ಒಂದು ಕ್ಲಿಪ್ಪಿನಿಂದ ಅಡಗಿತು; ಒಬ್ಬಳಿಗೆ ಮಾತ್ರ ಕೇಳಿಸಿದ ಸದ್ದು ನಮ್ಮ ಸಂಸಾರವನ್ನೇ ಕಳೆಯಬಹುದಾಗಿತ್ತು. ಘಾಟಿಯನ್ನು ಇಳಿದು ಸುಖವಾಗಿ ಉಡುಪಿಯನ್ನು ಸೇರಿದೆವು. ದಾರಿಯಲ್ಲಿ ನಾವು ಎರಡು ಬಾರಿ, “ಏನಾದರೂ ಕೇಳಿಸುತ್ತದೆಯೇ?” ಎಂದು ಆಕೆಯನ್ನು ಕೇಳಿದುದನ್ನು ಮಾತ್ರ ಇಲ್ಲಿ ಒಪ್ಪಿಕೊಳ್ಳುತ್ತೇವೆ.