ಹೊರಗೆ ಉಗಿ, ಒಳಗೆ ಡೀಸೆಲ್

ಪುಣೆಯಿಂದ ಮುಂಬೈ ಕಡೆಗೆ ಘಾಟಿ ಇಳಿದು ಕರ್ಜತ್ ದಾಟಿದರೆ ನೇರಳ್ ಸಿಗುತ್ತದೆ. ಅಲ್ಲಿಂದ ಮಾಥೇರಾನ್ ಗುಡ್ಡ ಹತ್ತುವ ಪುಟ್ಟ ರೈಲಿಗೆ ಕೆಲವು ವರ್ಷಗಳ ಹಿಂದೆ ಮಧ್ಯ ರೈಲ್ವೆ ಹೊಸ ವೇಷ ಕಟ್ಟಿತು. ಪರೇಲ್ ಕಾರ್ಯಾಗಾರದಲ್ಲಿ ಡೀಸೆಲ್ ಎಂಜಿನ್ನಿಗೆ ಉಗಿ ಎಂಜಿನ್ನಿನ ಹೊದಿಕೆ ತೊಡಿಸಿದರು. 2023ರಲ್ಲಿ ಗುಜರಾತಿನ ಅಹಮದಾಬಾದ್–ಏಕತಾ ನಗರ ನಡುವೆ ಶುರುವಾದ ಪಾರಂಪರಿಕ ರೈಲಿನದೂ ಇದೇ ಕಥೆ. ಅಲ್ಲಿ ಒಳಗಿರುವುದು ವಿದ್ಯುತ್ ಎಂಜಿನ್. ಜನ ಫೋಟೊ ತೆಗೆಸಿಕೊಂಡು ಖುಷಿಪಡಲಿ, ತಪ್ಪೇನಿಲ್ಲ. ಆದರೆ ಇದನ್ನು ಪರಂಪರೆಯ ರಕ್ಷಣೆ ಎನ್ನುವುದು, ಯಕ್ಷಗಾನದ ಕಿರೀಟವನ್ನು ಗೊಂಬೆಗೆ ತೊಡಿಸಿ ಭಾಗವತಿಕೆ ಉಳಿಯಿತು ಎಂದ ಹಾಗೆ.

ನೇರಳಿನ ರೈಲು 1907ರದು. ಎರಡಡಿ ಅಗಲದ ಹಳಿ, ಸುಮಾರು 20 ಕಿಲೋಮೀಟರ್ ದಾರಿ, ಹೆಜ್ಜೆಹೆಜ್ಜೆಗೂ ತಿರುವು. ಅದಕ್ಕೆಂದೇ ಜರ್ಮನಿಯ ಓರೆನ್‌ಸ್ಟೈನ್ ಅಂಡ್ ಕೊಪ್ಪೆಲ್ ಕಂಪನಿ ಕೊಟ್ಟ ಎಂಜಿನ್‌ಗಳ ಹಿಂದು ಮುಂದಿನ ಚಕ್ರಗಳಿಗೆ ತಿರುವಿಗೆ ತಕ್ಕಂತೆ ಸರಿಯುವ ಅಚ್ಚು ಇತ್ತು. 1980ರ ದಶಕದ ಆರಂಭದವರೆಗೆ ದುಡಿದ ಆ ನಾಲ್ಕರಲ್ಲಿ ಒಂದು ದೆಹಲಿಯ ರೈಲು ಮ್ಯೂಸಿಯಂನಲ್ಲಿದೆ, ಇನ್ನೊಂದು ಇಂಗ್ಲೆಂಡ್ ಸೇರಿತು.

ನಿಂತ ಎಂಜಿನ್ನಿಗೆ ಬಣ್ಣ ಬಳಿದರೆ ಸಾಕು. ಓಡುವ ಎಂಜಿನ್ನಿಗೆ ಸಾಲದು. ಬಾಯ್ಲರಿನ ಕೊಳವೆಗಳನ್ನು ಬದಲಿಸಬೇಕು, ನೀರಿನ ಒತ್ತಡದಲ್ಲಿ ಪರೀಕ್ಷಿಸಬೇಕು, ಸಿಗದ ಬಿಡಿಭಾಗಕ್ಕೆ ಅಚ್ಚು ಮಾಡಿ ಎರಕ ಹೊಯ್ಯಬೇಕು. ಮುಂದಿನ ಏರಿಗೆ ಎಷ್ಟು ಉಗಿ ಬೇಕೆಂದು ಮೊದಲೇ ಅಂದಾಜಿಸಿ ಬೆಂಕಿ ಒಟ್ಟುವ ಫೈರ್‌ಮನ್ ಬೇಕು. ಇದು ಪುಸ್ತಕದಲ್ಲಿ ಓದಿ ಬರುವ ವಿದ್ಯೆಯಲ್ಲ. ಬ್ರಾಡ್‌ಗೇಜಿನಲ್ಲಿ ಉಗಿ ಎಂಜಿನ್‌ಗಳ ನಿತ್ಯದ ಓಡಾಟ ನಿಂತದ್ದು 1995ರಲ್ಲಿ; ಅಂದು ಸಲಿಕೆ ಹಿಡಿದಿದ್ದವರು ಈಗ ನಿವೃತ್ತರು, ಇಲ್ಲವೇ ನಿವೃತ್ತಿಯ ಅಂಚಿನವರು.

ಆಗದ ಕೆಲಸ ಎನ್ನುವವರು ತಿರುಚಿರಾಪಳ್ಳಿಯತ್ತ ನೋಡಬೇಕು. ನೀಲಗಿರಿ ರೈಲಿಗಾಗಿ ಅಲ್ಲಿನ ಗೋಲ್ಡನ್ ರಾಕ್ ಕಾರ್ಯಾಗಾರ ಈ ಶತಮಾನದಲ್ಲೇ ಹೊಸ ಉಗಿ ಎಂಜಿನ್‌ಗಳನ್ನು ಕಟ್ಟಿದೆ, ಅವು ಪ್ರಯಾಣಿಕರನ್ನು ಹೊತ್ತು ಗುಡ್ಡ ಹತ್ತುತ್ತಿವೆ. 1855ರ ಫೇರಿ ಕ್ವೀನ್ ಕೂಡ 1997ರಲ್ಲಿ ಮತ್ತೆ ಹಳಿಗಿಳಿದು ದೆಹಲಿಯಿಂದ ಅಲ್ವರಿಗೆ ಓಡಿತ್ತು. ಆದರೆ ವರ್ಷಕ್ಕೆ ಕೆಲವೇ ಸಲ ಓಡುವ ಒಂಟಿ ಎಂಜಿನ್‌ಗಿಂತ, ನೀಲಗಿರಿಯಂತೆ ಟಿಕೆಟ್ ಕೊಂಡವರನ್ನು ದಿನವೂ ಒಯ್ಯುವ ರೈಲೇ ಕೆಲಸಗಾರರನ್ನು ತಯಾರಿಸುತ್ತದೆ.

ಹಾಗೆಂದು ಪುಣೆ–ಮುಂಬೈ ಮುಖ್ಯ ಮಾರ್ಗಕ್ಕೆ ಉಗಿ ಎಂಜಿನ್ ಬಿಡಿ ಎಂದು ಕೇಳುವುದು ಹುಚ್ಚುತನ. 1930ರಲ್ಲಿ ಡೆಕ್ಕನ್ ಕ್ವೀನ್ ಶುರುವಾದದ್ದೇ ವಿದ್ಯುತ್ತಿನ ಮೇಲೆ. ಇಂದಿನ ದಟ್ಟಣೆಯಲ್ಲಿ ಉಗಿಯ ಸಂಭ್ರಮಕ್ಕೆ ನಿತ್ಯದ ಪ್ರಯಾಣಿಕರು ಕಾಯಬೇಕಾಗಿಲ್ಲ. ಮಾಥೇರಾನ್ ಹಾಗಲ್ಲ. ಮಳೆಗಾಲದಲ್ಲಿ ಕೆಳಗಿನ ದಾರಿ ಮುಚ್ಚಿದಾಗಲೂ ಗುಡ್ಡದ ಮೇಲೆ ಅಮನ್ ಲಾಡ್ಜ್‌ನಿಂದ ಮಾಥೇರಾನಿಗೆ ಶಟಲ್ ಓಡುತ್ತದೆ. ಮೂರು ಕಿಲೋಮೀಟರಿನೊಳಗಿನ ಆ ದಾರಿಯಲ್ಲಿ ವಾರಾಂತ್ಯಕ್ಕೆ ಒಂದು ನಿಜವಾದ ಉಗಿ ಎಂಜಿನ್ ಬಿಟ್ಟು ನೋಡಬಹುದು.

ಹೊಗೆಯ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮಾಥೇರಾನ್ ಪರಿಸರಸೂಕ್ಷ್ಮ ವಲಯ, ಊರೊಳಗೆ ಕಾರುಗಳಿಗೂ ಪ್ರವೇಶವಿಲ್ಲ. ಕಲ್ಲಿದ್ದಲಿನ ಬದಲು ತೈಲ ಉರಿಸಿದರೆ ಕಿಡಿ ಹಾರಿ ಒಣಹುಲ್ಲಿಗೆ ಬೆಂಕಿ ತಗಲುವ ಭಯವಂತೂ ಬಹಳ ಕಡಿಮೆಯಾಗುತ್ತದೆ. ನೀಲಗಿರಿಯಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಖರ್ಚು ಟಿಕೆಟಿನಿಂದ ಹುಟ್ಟುವುದಿಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಇದು ತರಬೇತಿಯ ಖರ್ಚು. ನ್ಯಾರೋಗೇಜ್ ಕೆಲಸಕ್ಕೆ ಹೆಸರಾದ ಕುರ್ಡುವಾಡಿ ಕಾರ್ಯಾಗಾರ ಪುಣೆ–ಸೋಲಾಪುರ ದಾರಿಯಲ್ಲೇ ಇದೆ. ನಾಲ್ಕು ಜನ ಹುಡುಗರನ್ನು ಗೋಲ್ಡನ್ ರಾಕ್‌ಗೆ ಕಳಿಸಿ ಕಲಿಸಿ ತರುವುದರಿಂದ ಕೆಲಸ ಶುರುವಾಗಲಿ. ಹೊದಿಕೆಗೆ ಬಣ್ಣ ಬಳಿಯುವುದು ಆಮೇಲಾದರೂ ಆದೀತು.