ತಲಾ ವರಮಾನವೆಂಬ ಅಳತೆಗೋಲು

ದೇಶದೇಶಗಳ ಬಾಳುವೆಯನ್ನು ಡಾಲರಿನಲ್ಲಿ ತೂಗಿ ಒಂದರ ಕೆಳಗೊಂದಾಗಿ ಬರೆದ ಪಟ್ಟಿಗಳು ವರ್ಷವರ್ಷವೂ ಹೊರಡುತ್ತವೆ. ಅದರಲ್ಲಿ ನಮ್ಮ ದೇಶವು ಒಂದು ಮೆಟ್ಟಿಲು ಏರಿದರೆ ಹಿಗ್ಗುವವರೂ, ಇಳಿದರೆ ಅಳತೆಯೇ ಸುಳ್ಳೆಂದು ಜರೆಯುವವರೂ ಒಬ್ಬರೇ ಆಗಿರುವುದು ಸೋಜಿಗ. ಈ ಎರಡು ನಡತೆಗಳೂ ವಿವೇಕಿಗಳಿಗೆ ತಕ್ಕುವಲ್ಲ.

ಸರಾಸರಿಯು ಎಂಥ ಮಾಯಾವಿಯೆಂಬುದಕ್ಕೆ ಐರ್ಲೆಂಡೊಂದೇ ಸಾಕು. 2015ರಲ್ಲಿ ಆ ದೇಶದ ಉತ್ಪನ್ನವು ಒಂದೇ ವರ್ಷಕ್ಕೆ ನೂರಕ್ಕೆ 26ರಷ್ಟು ಬೆಳೆಯಿತೆಂದು ಲೆಕ್ಕ ಹೊರಬಿದ್ದಿತು. ಡಬ್ಲಿನ್ನಿನ ಗೃಹಸ್ಥನ ಊಟವು ಕಾಲುಪಾಲು ಹೆಚ್ಚಿತೆ? ಇಲ್ಲ. ಹೊರದೇಶದ ಕೆಲವು ಕಂಪನಿಗಳು ತೆರಿಗೆಯ ಅನುಕೂಲವನ್ನು ನೋಡಿ ಪೇಟೆಂಟು ಮೊದಲಾದ ತಮ್ಮ ಸ್ವತ್ತನ್ನು ಕಾಗದದ ಮೇಲೆ ಅಲ್ಲಿಗೆ ಸಾಗಿಸಿದ್ದವು, ಅಷ್ಟೆ. ಕಡೆಗೆ ಆ ದೇಶದ ಅಂಕಿ ಅಂಶಗಳ ಕಚೇರಿಯೇ ಬೇರೊಂದು ಲೆಕ್ಕವನ್ನು ಏರ್ಪಡಿಸಬೇಕಾಯಿತು. ರಾಷ್ಟ್ರದ ವರಮಾನದಿಂದ ಜನರ ಕ್ಷೇಮವನ್ನು ಊಹಿಸುವುದು ಕಷ್ಟವೆಂದು, ಅಮೆರಿಕದ ಆ ಲೆಕ್ಕವನ್ನು ಕಟ್ಟಿದ ಸೈಮನ್ ಕುಜ್ನೆಟ್ಸರೇ 1934ರಲ್ಲಿ ಎಚ್ಚರಿಸಿದ್ದರು. ಕಟ್ಟಿದವರ ಮಾತನ್ನು ಕೇಳದೆ ಕಟ್ಟಿದುದನ್ನು ಪೂಜಿಸುವುದು ನಮ್ಮ ಅಭ್ಯಾಸ.

ಹಾಗೆಂದು ಅಳೆಯುವುದೇ ಬೇಡ, ಗುಡಿಸಲಿನಲ್ಲಿಯೂ ಸಂತೃಪ್ತಿಯುಂಟು ಎನ್ನುವವರನ್ನು ನಾನು ಇನ್ನೂ ಬಲವಾಗಿ ವಿರೋಧಿಸುತ್ತೇನೆ. ಗುಡಿಸಲಿನ ಸಂತೃಪ್ತಿಯನ್ನು ಹೊಗಳುವವರು ಸಾಮಾನ್ಯವಾಗಿ ಗುಡಿಸಲಿನಲ್ಲಿರುವುದಿಲ್ಲ. ದಾದಾಭಾಯಿ ನವರೋಜಿಯವರು 1867-68ರ ಲೆಕ್ಕದಿಂದ ಬ್ರಿಟಿಷ್ ಇಂಡಿಯದ ತಲಾ ವರಮಾನವು ವರ್ಷಕ್ಕೆ 20 ರೂಪಾಯಿಯೆಂದು ತೋರಿಸದೆ ಇದ್ದಿದ್ದರೆ, ನಮ್ಮ ಬಡತನವು ಆಳುವವರ ಕಣ್ಣಿಗೆ ವೈರಾಗ್ಯವಾಗಿಯೇ ಉಳಿಯುತ್ತಿತ್ತು. ಅವರು ಬರಿಯ ಸರಾಸರಿಗೆ ನಿಲ್ಲಲಿಲ್ಲ. ಸೆರೆಮನೆಯ ಕೈದಿಗೆ ಸರಕಾರವೇ ಕೊಡುತ್ತಿದ್ದ ಅನ್ನಬಟ್ಟೆಯ ವೆಚ್ಚವನ್ನು ಅದರ ಪಕ್ಕದಲ್ಲಿಟ್ಟು, ತಪ್ಪು ಮಾಡದ ಪ್ರಜೆಗೆ ಅಷ್ಟೂ ದೊರೆಯದಿರುವುದನ್ನು ತೋರಿಸಿದರು. ಇದಲ್ಲವೆ ಅಳತೆ!

1990ರಲ್ಲಿ ಮಹಬೂಬ್ ಉಲ್ ಹಕ್ಕರು ವರಮಾನದೊಡನೆ ಆಯುಸ್ಸನ್ನೂ ವಿದ್ಯೆಯನ್ನೂ ಕೂಡಿಸಿ ಮಾನವಾಭಿವೃದ್ಧಿಯ ಸೂಚಿಯನ್ನು ಹೊರತಂದುದು ಈ ದಾರಿಯಲ್ಲಿಯೇ. ಅದು ಮೇಲು, ಪೂರ್ಣವಲ್ಲ. ಯಜಮಾನನು ತನ್ನ ಅಡಿಗೆಯವಳನ್ನು ಮದುವೆಯಾದರೆ ಅವಳ ಸಂಬಳವು ನಿಂತು ರಾಷ್ಟ್ರದ ವರಮಾನವು ಇಳಿಯುವುದೆಂದು ಪಿಗೂ ಪಂಡಿತರು 1920ರಲ್ಲಿಯೇ ತೋರಿಸಿದ್ದರು. ಅಡಿಗೆ ಅದೇ, ಉಣ್ಣುವವನೂ ಅವನೇ! ನಸುಕಿನಲ್ಲೆದ್ದು ಒಲೆ ಹಚ್ಚಿ, ಮಕ್ಕಳನ್ನೂ ಮುದುಕರನ್ನೂ ನೋಡಿಕೊಳ್ಳುವ ಹೆಂಗಸರ ದುಡಿಮೆಗೆ ವರಮಾನದ ಪಟ್ಟಿಯಲ್ಲಿ ಇಂದಿಗೂ ಕಾಸಿನ ಬೆಲೆಯಿಲ್ಲ. ಆ ಪಟ್ಟಿಯಲ್ಲಿ ನಮ್ಮ ಸ್ಥಾನವೆಷ್ಟೆಂದು ಸಭೆಯಲ್ಲಿ ವಾದಿಸುವ ಮಹನೀಯರು ಮಾತ್ರ ಆ ಒಲೆಯ ಊಟವನ್ನು ಮುಗಿಸಿಯೇ ಬಂದಿರುತ್ತಾರೆ.